ನಾಲ್ಕೂವರೆ ಇಂಚಿನ ಗೋಡೆ ಒಡೆದರೆ ಏನೂ ಆಗಲ್ಲವೇ?

ಜಯನಗರ, ಬನಶಂಕರಿಯ ಹಳೇ ಮನೆಗಳಿಗೆ ಹಿರಿಯರ ವೀಲ್‌ಚೇರ್ ಬಂದಾಗ ಮೊದಲು ಅಡ್ಡಿಯಾಗುವುದು ಒಳಗಿನ ಬಾಗಿಲು. ವೀಲ್‌ಚೇರ್ ಸಲೀಸಾಗಿ ಹೋಗಲು 900 ಮಿಲಿಮೀಟರ್ ಬೇಕು. ಎರಡೂವರೆ ಅಡಿ ಬಾಗಿಲಲ್ಲಿ ಅಷ್ಟು ಸಿಗದು. ಆಗ ಕೇಳಿಬರುವ ಮಾತು: "ಒಳಗೋಡೆ ನಾಲ್ಕೂವರೆ ಇಂಚು ಅಷ್ಟೇ, ಭಾರ ಹೊರಲ್ಲ, ಒಡೀರಿ." ಇದು ನಿಜವೇ?

ಎಲ್ಲ ಮನೆಗೂ ಅಲ್ಲ. ಪಿಲ್ಲರ್ ಇಲ್ಲದ ಮನೆಗಳಲ್ಲಿ ಗೋಡೆಗಳೇ ಛಾವಣಿ ಹೊರುತ್ತವೆ. ಮದ್ರಾಸ್ ಟೆರೇಸ್ ಆದರೆ ಮರದ ತೊಲೆಯ ತುದಿ ಒಳಗೋಡೆಯ ಮೇಲೂ ಕೂತಿರಬಹುದು. ತಟ್ಟಿ ನೋಡಿ ಇದನ್ನು ಹೇಳಲಾಗದು.

'ಒಂದೇ ಅಡಿ ತಾನೇ' ಎನ್ನುವುದೂ ತಪ್ಪು. ಬಾಗಿಲ ಮೇಲಿನ ಇಟ್ಟಿಗೆಗಳು ಕಮಾನಿನಂತೆ ಒಂದಕ್ಕೊಂದು ಆತುಕೊಳ್ಳುವುದರಿಂದ ಲಿಂಟಲ್ ಹೊರುವುದು ಸುಮಾರು ಒಂದು ತ್ರಿಕೋನದಷ್ಟು ಗೋಡೆಯನ್ನು. ಎರಡೂವರೆ ಅಡಿ ಮೂರೂವರೆಯಾದರೆ ಆ ತ್ರಿಕೋನ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ. ಅದರೊಳಗೆ ತೊಲೆ ಬಂದರೆ ಛಾವಣಿಯ ಭಾರವೂ ಸೇರುತ್ತದೆ. ಹಳೇ ಲಿಂಟಲ್‌ಗೆ ಕೂರಲು ಗೋಡೆಯೇ ಉಳಿಯದು.

ಹಾಗಾದರೆ ಏನು ಮಾಡಬೇಕು? ಮೊದಲು ಬಾಗಿಲ ರೆಕ್ಕೆ ತೆಗೆದು ಅಳೆಯಿರಿ. ಇಂಚು, ಒಂದೂವರೆ ಇಂಚು ಸಿಗುತ್ತದೆ. ಕೆಲವೊಮ್ಮೆ ಅಷ್ಟೇ ಸಾಕು, ಪರದೆ ಹಾಕಿಕೊಳ್ಳಬಹುದು. ಒಡೆಯಲೇಬೇಕಾದರೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಛಾವಣಿಗೆ ಜಾಕಿ ಕೊಟ್ಟು, ಎರಡೂ ಬದಿ ಕನಿಷ್ಠ 150 ಮಿಲಿಮೀಟರ್ ಗೋಡೆ ಮೇಲೆ ಕೂರುವ ಹೊಸ ಲಿಂಟಲ್ ಹಾಕಿದ ನಂತರವೇ ಕೆಳಗಿನ ಇಟ್ಟಿಗೆ ತೆಗೆಯಬೇಕು.

ಮನೆ ರಿಪೇರಿ ಶುರುಮಾಡುವವರಿಗೆ ಇದನ್ನು ಕಳಿಸಿ.