ಬೋರ್ಡಿನ ಸುತ್ತಲಿನ ಬಿರುಕು

ನಮ್ಮ ಭಾಗದ ಮನೆಗಳ ಇತಿಹಾಸ ತಿಳೀಬೇಕಂದ್ರ ಕಾಗದಪತ್ರ ಅಷ್ಟೇ ಸಾಲದು, ಗೋಡೆಯನ್ನೂ ಓದಬೇಕು. ಸಾಂಗ್ಲಿ, ಮಿರಜದ ಓಣಿಗಳಲ್ಲಿ ವಾಯರಿಂಗ್ ಕೆಲಸ ಮಾಡುತ್ತ ನಾನು ಕಂಡದ್ದು ಇದು: ಗೋಡೆ ಉಳಿದ ಕಡೆ ಗಟ್ಟಿಯಿದ್ದರೂ ಕರೆಂಟಿನ ಬೋರ್ಡಿನ ಮೂಲೆಯಿಂದ ಒಂದು ಬಿರುಕು ಓರೆಯಾಗಿ ಹೊರಟಿರುತ್ತದೆ. ಅದು ಯಾಕೆ ಅಲ್ಲೇ ಬಿತ್ತು?

ಪಟವರ್ಧನ ಸಂಸ್ಥಾನಗಳ ಕಾಲದ ವಾಡೆಗಳಲ್ಲಿ ಕೆಳಗೆ ಕಲ್ಲು, ಮೇಲೆ ಇಟ್ಟಿಗೆ ಇಲ್ಲವೆ ಬಿಳಿಮಣ್ಣು. ಮರಾಠಿಯವರು ಅದಕ್ಕೆ ಪಾಂಢರಿ ಅಂತಾರ. ಮೇಲೆ ಸುಣ್ಣದ ಗಾರೆ, ಇಲ್ಲದವರ ಮನೆಯಲ್ಲಿ ಮಣ್ಣು-ಸೆಗಣಿಯ ಸಾರಣೆ. ಇಂಥ ಗೋಡೆ ಮಳೆಗಾಲದಲ್ಲಿ ತೇವ ಹೀರಿ ಬೇಸಿಗೆಯಲ್ಲಿ ಬಿಟ್ಟುಕೊಡುತ್ತದೆ. ಸಣ್ಣ ಸೀಳು ಬಿದ್ದರೆ ಹಬ್ಬದ ಮುಂದೆ ಮನೆಯ ಹೆಣ್ಣುಮಕ್ಕಳೇ ಸಾರಿಸಿ ಮುಚ್ಚುತ್ತಿದ್ದರು.

1960ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು, ಅದೇ ವರ್ಷ ಅದರ ವಿದ್ಯುತ್ ಮಂಡಳಿಯೂ ಹುಟ್ಟಿತು. ಕೊಯ್ನಾ ನೀರನ್ನು ಸಹ್ಯಾದ್ರಿಯ ಹೊಟ್ಟೆಯೊಳಗಿಂದ ಪಶ್ಚಿಮಕ್ಕೆ ಇಳಿಸಿ 1962ರಿಂದ ಕರೆಂಟು ತೆಗೆಯತೊಡಗಿದರು. ಆಗಿನ ವಾಯರಿಂಗ್ ಗೋಡೆಯ ಮೇಲೇ ಇರುತ್ತಿತ್ತು. ಗೋಡೆಗೆ ಕಟ್ಟಿಗೆಯ ಬೆಣೆ ಹೊಡೆದು, ಪಟ್ಟಿ ಕೂಡಿಸಿ, ಅದರ ಮೇಲೆ ವಾಯರು ಎಳೆಯುವುದು. ಬೋರ್ಡೂ ಕಟ್ಟಿಗೆಯದೇ. ಗೋಡೆಗೆ ಬೀಳುತ್ತಿದ್ದದ್ದು ಬೆಣೆಯ ತೂತು ಮಾತ್ರ.

ಮುಂದೆ ವಾಯರು ಕಣ್ಣಿಗೆ ಕಾಣಬಾರದು ಅನ್ನೋ ರೂಢಿ ಬಂತು. ಗೋಡೆಯನ್ನು ಛಿನ್ನಿಯಿಂದ ಕೊರೆದು ಪೈಪು ಹೂಳಿದರು, ಚೌಕ ತೂತು ಮಾಡಿ ಡಬ್ಬಿ ಕೂಡಿಸಿದರು, ಸುತ್ತ ಸಿಮೆಂಟು ಮೆತ್ತಿದರು. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೇಟೆಂಟ್ ಪಡೆದ ಈ ಪೋರ್ಟ್‌ಲ್ಯಾಂಡ್ ಸಿಮೆಂಟು ಬಲು ಗಟ್ಟಿ, ಆದರೆ ಮಣ್ಣಿನ ಗೋಡೆಯ ಜೊತೆ ಬಾಗೂದಿಲ್ಲ. ಗೋಡೆ ಹಿಗ್ಗಿ ಕುಗ್ಗಿದಾಗ ಎರಡೂ ಬೇರೆಯಾಗುತ್ತವೆ. ಚೌಕ ತೂತಿನ ಮೂಲೆಯಲ್ಲಿ ಎಳೆತ ಹೆಚ್ಚು, ಕಬ್ಬಿಣದ ಡಬ್ಬಿಗೆ ತುಕ್ಕು ಹಿಡಿದರೆ ಅದು ಉಬ್ಬಿ ಇನ್ನಷ್ಟು ಒತ್ತುತ್ತದೆ. ಬಿರುಕು ಅಲ್ಲೇ ಹುಟ್ಟುವುದು ಇದಕ್ಕೇ.

ಆಮೇಲೆ ನೆರೆ. ಸಾಂಗ್ಲಿಯ ಆಯರ್ವಿನ್ ಸೇತುವೆಯಲ್ಲಿ ಕೃಷ್ಣೆಯ ಅಪಾಯದ ಗುರುತು 45 ಅಡಿ. 2005ರಲ್ಲಿ ನೀರು 53 ಅಡಿ ದಾಟಿತು, 2019ರ ಆಗಸ್ಟಿನಲ್ಲಿ 57 ಅಡಿ ದಾಟಿತು, 2021ರಲ್ಲಿ ಮತ್ತೆ ಅಪಾಯದ ಗುರುತು ಮೀರಿತು. 2019ರಲ್ಲಿ ಸೆಪ್ಟೆಂಬರ್ 2ಕ್ಕೇ ಗಣೇಶ ಚೌತಿ. ಗಣಪತಿ ಕೂಡಿಸೂದರೊಳಗ ಗೋಡೆ ಚೆಂದ ಕಾಣಲಿ ಅಂತ ಒಂದು ಮನೆಯವರು ಹಸಿ ಗೋಡೆಗೇ ಸಿಮೆಂಟು ಮೆತ್ತಿಸಿ, ಬಣ್ಣ ಹಚ್ಚಿಸಿ, ಕರೆಂಟು ಹಾಕಿದ್ದರು. "ತಮ್ಮಾ, ಗ್ವಾಡಿ ಮುಟ್ಟಿದ್ರ ಕೈ ಜುಮ್ ಅಂತೈತಿ, ನೋಡ್ ಬಾ" ಅಂತ ಆ ಮನೆಯ ಅಜ್ಜಿ ನನ್ನನ್ನು ಕರೆದಳು. ಟೆಸ್ಟರ್ ಹಚ್ಚಿದರೆ ಹಸಿ ಗೋಡೆಯ ಮೇಲೇ ದೀಪ ಹೊತ್ತಿತು. ಮೇನ್ ತೆಗೆದು, ಮೆತ್ತಿದ್ದನ್ನೆಲ್ಲ ಬಿಡಿಸಿ, ಗೋಡೆ ಒಣಗುವವರೆಗೆ ಹಾಗೇ ಬಿಟ್ಟೆವು. ಆ ವರ್ಷ ಗಣಪತಿ ಸಮೆಯ ಬೆಳಕಿನಲ್ಲೇ ಕೂತ.

ಹಾಗಾಗಿ ಬಿರುಕು ಮುಚ್ಚುವ ಮೊದಲು ಮೇನ್ ಸ್ವಿಚ್ ತೆಗೆಯಬೇಕು, ಟೆಸ್ಟರಿನಿಂದ ನೋಡಬೇಕು, ವಾಯರು-ಅರ್ಥಿಂಗನ್ನು ತಿಳಿದವರಿಗೆ ತೋರಿಸಬೇಕು. ಅಲುಗುವ ಡಬ್ಬಿಯನ್ನು ಮೊದಲು ಬಿಗಿ ಮಾಡಬೇಕು. ಸಡಿಲಾದದ್ದನ್ನು ಕೆರೆದು, ಧೂಳು ಜಾಡಿಸಿ, ಅಂಚಿಗೆ ತುಸು ನೀರು ಚಿಮುಕಿಸಿ ತುಂಬಬೇಕು. ಮಣ್ಣಿನ ಗೋಡೆಗೆ ಮಣ್ಣು ಇಲ್ಲವೆ ಸುಣ್ಣ, ಸಿಮೆಂಟಿನ ಗೋಡೆಗೆ ಸಿಮೆಂಟು. ಸಿಮೆಂಟಿನ ಸೀಳಿನ ಮೇಲೆ ತಂತಿಯ ಜಾಳಿಗೆ ಹಾಸಿ ಮೆತ್ತಬೇಕು. ಅಮೆರಿಕದಲ್ಲಿ ಅಗಸ್ಟೀನ್ ಸ್ಯಾಕೆಟ್ 1894ರಲ್ಲಿ ಪೇಟೆಂಟ್ ಪಡೆದ ಹಲಗೆಯಿಂದ ಬೆಳೆದು ಬಂದ ಜಿಪ್ಸಮ್ ಗೋಡೆಗಳಿಗೂ ಸೀಳಿನ ಮೇಲೆ ಪಟ್ಟಿ ಅಂಟಿಸಿಯೇ ಮೆತ್ತುತ್ತಾರೆ. ಎರಡು ದಂಡೆ ಹಿಡಿದಿಡುವ ಯುಕ್ತಿ ಎಲ್ಲ ಕಡೆ ಒಂದೇ.

ನೆರೆ ಕಂಡ ಓಣಿಗಳಲ್ಲಿ ಈಗ ಕೆಲವರು ಬೋರ್ಡನ್ನು ಎದೆಮಟ್ಟಕ್ಕಿಂತ ಮೇಲೆ ಕೂಡಿಸಿಕೊಂಡಿದ್ದಾರೆ. ಹಳೆಯ ಬೋರ್ಡಿದ್ದ ಜಾಗದಲ್ಲಿ ಮುಚ್ಚಿದ ಚೌಕದ ಗುರುತು ಕಾಣುತ್ತದೆ. ಶಾಲೆಯ ಮಾಸ್ತರರು ಮಕ್ಕಳಿಗೆ ಒಂದು ಕೆಲಸ ಕೊಡಬಹುದು: ನಿಮ್ಮ ಮನೆಗೆ ಬೆಳಕು ಯಾವಾಗ ಬಂತು, ಬೋರ್ಡು ಎಷ್ಟು ಸಲ ಜಾಗ ಬದಲಿಸಿತು, ಅಜ್ಜಿಯನ್ನು ಕೇಳಿ ಬರೆದುಕೊಂಡು ಬನ್ನಿ. ಗೋಡೆಯನ್ನು ಮಾತ್ರ ಕಣ್ಣಿಂದ ನೋಡಿರಿ, ಕೈ ಹಚ್ಚಬ್ಯಾಡ್ರಿ.