ಡಿಪ್ರೀಶಿಯೇಟ್: ಅರ್ಥ ಮತ್ತು ಬಳಕೆ

ಕಂಬೈನಲ್ಲೂರಿನಲ್ಲಿ ಬೈಕು ಇಟ್ಟಿರುವ ಹಲವರ ವಿಮಾ ಪತ್ರದಲ್ಲಿ ಕಾಣಸಿಗುವಂಥ ಇಂಗ್ಲಿಷ್ ಕ್ರಿಯಾಪದ ಡಿಪ್ರೀಶಿಯೇಟ್. ನಾಮಪದ ಡಿಪ್ರೀಶಿಯೇಷನ್. ಮೂಲ ಲ್ಯಾಟಿನ್: 'ಡಿ' ಎಂದರೆ ಕೆಳಗೆ, 'ಪ್ರೆಟಿಯಂ' ಎಂದರೆ ಬೆಲೆ.

1. ಬೆಲೆ ಇಳಿಯುವುದು: ಹಳತಾಗಿ, ಬಳಸಿ, ವಸ್ತುವಿನ ಬೆಲೆ ತಾನಾಗಿ ಕಡಿಮೆಯಾಗುವುದು. ಲೆಕ್ಕಪತ್ರದ ಕನ್ನಡದಲ್ಲಿ ಇದು 'ಸವಕಳಿ', ತಮಿಳಿನಲ್ಲಿ 'ತೇಯ್ಮಾನಂ'. ನಾವು ಗಂಧ ತೇಯುತ್ತೇವಲ್ಲ, ಅದೇ 'ತೇಯ್'. ಕಟ್ಟಡ, ಯಂತ್ರ, ವಾಹನಗಳಿಗೆ ಸವಕಳಿ ಉಂಟು. ಜಮೀನಿಗೆ ಲೆಕ್ಕಪತ್ರದಲ್ಲಿ ಸವಕಳಿ ಹಾಕುವುದಿಲ್ಲ.

2. ಹಣದ ಬೆಲೆ ಕುಸಿಯುವುದು: ಮಾರುಕಟ್ಟೆಯಲ್ಲಿ ಡಾಲರ್ ಎದುರು ರೂಪಾಯಿ ಇಳಿದರೆ ಡಿಪ್ರೀಶಿಯೇಟ್. ಸರ್ಕಾರವೇ ಇಳಿಸಿದರೆ ಅದು ಡಿವ್ಯಾಲ್ಯೂ, ಅಂದರೆ ಅಪಮೌಲ್ಯ. 1966ರ ಜೂನ್ 6ರಂದು ಡಾಲರಿನ ದರವನ್ನು 4.76 ರೂಪಾಯಿಯಿಂದ 7.50ಕ್ಕೆ ಏರಿಸಿದ್ದು, 1991ರ ಜುಲೈನಲ್ಲಿ ಎರಡು ಹಂತಗಳಲ್ಲಿ ರೂಪಾಯಿ ಇಳಿಸಿದ್ದು ಅಪಮೌಲ್ಯ. 1993ರಿಂದ ದರವನ್ನು ಮಾರುಕಟ್ಟೆ ನಿರ್ಧರಿಸುವುದರಿಂದ ಈಗ ಡಿಪ್ರೀಶಿಯೇಟ್ ಎಂಬುದೇ ಸರಿ.

3. ಕೀಳಾಗಿ ಕಾಣುವುದು: ಒಬ್ಬರ ದುಡಿಮೆಯನ್ನು ಕಡೆಗಣಿಸಿ ಮಾತಾಡುವುದು. ಈ ಬಳಕೆ ಈಗ ಅಪರೂಪ.

ವಿರುದ್ಧ ಪದ: ಅಪ್ರೀಶಿಯೇಟ್. ಇದಕ್ಕೆ ಮೆಚ್ಚು ಎಂಬ ಅರ್ಥವಲ್ಲದೆ ಬೆಲೆ ಏರು ಎಂಬ ಅರ್ಥವೂ ಇದೆ.

ಗೊಂದಲ ಬೇಡ: ಡೆಪ್ರಿಕೇಟ್ ಎಂಬುದು ಬೇರೆ ಪದ. ಅದರ ಅರ್ಥ ಒಪ್ಪದಿರುವುದು, ಸರಿಯಲ್ಲ ಎನ್ನುವುದು.

ವಿಮೆಯಲ್ಲಿ: ಸ್ವಂತ ವಾಹನದ ನಷ್ಟಕ್ಕೂ ವಿಮೆ ಇದ್ದರೆ, ಕಳವಾದಾಗ ಸಿಗುವ ಮೊತ್ತಕ್ಕೆ ಐಡಿವಿ ಎನ್ನುತ್ತಾರೆ. ಕಂಪನಿಯ ಮಾರಾಟ ಬೆಲೆಯಿಂದ ಸವಕಳಿ ಕಳೆದು ಅದನ್ನು ಗೊತ್ತುಮಾಡುತ್ತಾರೆ. ಎರಡು ವರ್ಷ ದಾಟಿ ಮೂರು ಮೀರದ ವಾಹನಕ್ಕೆ ರೂಢಿಯ ಸವಕಳಿ ಶೇ. 30. 80,000 ರೂಪಾಯಿಯ ಬೈಕಾದರೆ ಐಡಿವಿ 56,000. ಅಪಘಾತದ ರಿಪೇರಿಯಲ್ಲಿ ಹೊಸದಾಗಿ ಹಾಕುವ ಟಯರು, ಬ್ಯಾಟರಿ, ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಶೇ. 50 ಕಳೆಯುತ್ತಾರೆ. ಉಳಿದದ್ದು ನಮ್ಮ ಕೈಯಿಂದ. ಹೆಚ್ಚು ಪ್ರೀಮಿಯಂ ಕಟ್ಟಿ 'ಝೀರೋ ಡೆಪ್' ಪಡೆದರೆ ಹಲವು ಬಿಡಿಭಾಗಗಳ ಈ ಕಡಿತ ತಪ್ಪುತ್ತದೆ.

ಆದ್ದರಿಂದ ವಿಮೆ ಪತ್ರಕ್ಕೆ ಸಹಿ ಹಾಕುವ ಮುನ್ನ ಈ ಪದ ಎಲ್ಲಿದೆ, ಅದರ ಮುಂದೆ ಶೇಕಡಾ ಎಷ್ಟಿದೆ ಎಂದು ನೋಡಿಕೊಳ್ಳಿ.