ಪಟ್ಟಿ ಯಾರ ಕೈಯಲ್ಲಿ?

2020ರ ಅಕ್ಟೋಬರ್. ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನಿಂದ ಅಕ್ಕ ಫೋನ್ ಮಾಡಿದ್ದಳು. ಭಾವನಿಗೆ ಕೋವಿಡ್. ಜ್ವರ ಹೆಚ್ಚಿಲ್ಲ, ಮೇಲಿನ ಕೋಣೆಯಲ್ಲಿ ಒಬ್ಬರೇ ಇದ್ದಾರೆ ಎಂದಳು. ಆರೋಗ್ಯ ಇಲಾಖೆಯಿಂದ ಒಬ್ಬ ಹುಡುಗಿ ಕರೆ ಮಾಡಿ, ಈಚೆಗೆ ಯಾರ ಯಾರ ಜೊತೆ ಇದ್ದಿರಿ ಎಂದು ಕೇಳಿದಳಂತೆ. ಭಾವ ಆಫೀಸಿನ ಇಬ್ಬರ ಹೆಸರು ಹೇಳಿದರು. ಹಿಂದಿನ ಭಾನುವಾರ ಊಟಕ್ಕೆ ಬಂದಿದ್ದ ಕನ್ನಡದ ಕುಟುಂಬದ ಹೆಸರು ಮಾತ್ರ ಹೇಳಲಿಲ್ಲ. "ಅವರದ್ದು ವೀಸಾ ಕೆಲಸ ನಡೀತಾ ಉಂಟು ಮಾರಾಯ, ಸರ್ಕಾರದ ಪಟ್ಟಿಯಲ್ಲಿ ಹೆಸರು ಯಾಕೆ ಅಂತ ಇವರು ಸುಮ್ಮನಾದರು" ಎಂದಳು ಅಕ್ಕ. ಆಮೇಲೆ ಅವಳೇ ಆ ಮನೆಗೆ ಫೋನ್ ಮಾಡಿ ವಿಷಯ ತಿಳಿಸಿದಳು.

ನನಗೆ ಆಶ್ಚರ್ಯವಾಗಲಿಲ್ಲ. "ರೂಮಿನವನಿಗೆ ಬೇಕು" ಎಂದು ಕೆಮ್ಮಿನ ಸಿರಪ್ ಕೇಳುತ್ತ, ಮಾಸ್ಕಿನೊಳಗೆ ತಾನೇ ಕೆಮ್ಮು ತಡೆದುಕೊಂಡು ನಿಂತ ಹುಡುಗರನ್ನು ಆ ವರ್ಷ ನಮ್ಮ ಫಾರ್ಮಸಿ ಕೌಂಟರಿನಲ್ಲಿ ಎಷ್ಟು ಮಂದಿ ನೋಡಿದ್ದೇನೋ. ಹೆಸರು ಬರೆದುಕೊಂಡರೆ ಸಂಬಳ ಏನಾಗುತ್ತದೋ, ಕ್ಯಾಂಪಿನಿಂದ ಎಲ್ಲಿಗೆ ಒಯ್ಯುತ್ತಾರೋ ಎಂಬ ಹೆದರಿಕೆ ಅವರದು.

ಈ ಹೆದರಿಕೆ ಮೊಬೈಲಿಗಿಂತ ಬಹಳ ಹಳೆಯದು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಮರುವರ್ಷವೇ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಜನರ ಸಿಟ್ಟು ಕೊನೆಗೆ 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಗುಂಡು ಹಾರುವವರೆಗೆ ಹೋಯಿತು. 1898ರಲ್ಲಿ ಪ್ಲೇಗ್ ಬೆಂಗಳೂರಿಗೂ ಬಂತು. ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆಯೆದ್ದಿತು. ತಪಾಸಣೆಯವರು ಬಂದರೆಂದರೆ ರೋಗಿಯನ್ನು ಬಚ್ಚಿಡುವುದು ಆ ಕಾಲದ ರೂಢಿ. ರೋಗ ಹರಡಬಾರದೆಂದು ಮಾಡಿದ ಹುಡುಕಾಟವೇ ರೋಗವನ್ನು ಅಟ್ಟಕ್ಕೆ ಹತ್ತಿಸಿತು.

2020ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರಗಳು ಕಪಾಟಿನಿಂದ ಹೊರತೆಗೆದದ್ದೂ ಅದೇ 1897ರ ಕಾಯ್ದೆಯನ್ನು. ಕರ್ನಾಟಕದಲ್ಲಿ ವಿದೇಶದಿಂದ ಬಂದವರ ಕೈಗೆ ಅಳಿಸದ ಶಾಯಿಯ ಮುದ್ರೆ ಬಿತ್ತು. ಕ್ವಾರಂಟೈನಿನಲ್ಲಿದ್ದವರ ಮನೆ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸಿತು. ಅದು ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿತು. ಮಾರ್ಚ್ 30ರಂದು ಇನ್ನೊಂದು ಆದೇಶ ಬಂತು: ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿಯನ್ನು ಆ್ಯಪಿನಲ್ಲಿ ಕಳುಹಿಸಬೇಕು, ತಪ್ಪಿದರೆ ಸರ್ಕಾರಿ ಕ್ವಾರಂಟೈನ್. ಗಲ್ಫಿನಿಂದ ಊರಿಗೆ ಹೋಗಿದ್ದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಲ್ಫಿನಲ್ಲೇ ಇದ್ದವರಿಗೂ ಆ್ಯಪ್ ತಪ್ಪಲಿಲ್ಲ. ಕತಾರಿನಲ್ಲಿ ಮೇ 22ರಿಂದ ಎಹ್ತೆರಾಜ್ ಕಡ್ಡಾಯ. ಶಿಕ್ಷೆ ಮೂರು ವರ್ಷದ ಜೈಲು, 2 ಲಕ್ಷ ರಿಯಾಲ್ ದಂಡದವರೆಗೂ ಹೋಗಬಹುದಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಜನರ ವಿವರ ಹೊರಬೀಳುವಂಥ ದೋಷ ಅದರಲ್ಲಿತ್ತೆಂದು ಆಮ್ನೆಸ್ಟಿ ಸಂಸ್ಥೆ ಕಂಡುಹಿಡಿದ ಮೇಲೆ ಕೂಡಲೇ ಸರಿಪಡಿಸಿದರು. ಕುವೈತ್, ಬಹ್ರೇನ್ ಮತ್ತು ನಾರ್ವೆಯ ಆ್ಯಪ್‌ಗಳು ಜನ ಇರುವ ಜಾಗವನ್ನೇ ಸರ್ವರಿಗೆ ಕಳುಹಿಸುತ್ತಿವೆ ಎಂದು ಅದೇ ಸಂಸ್ಥೆ ಜೂನ್‌ನಲ್ಲಿ ಆಕ್ಷೇಪಿಸಿತು. ನಾರ್ವೆ ತನ್ನ ಆ್ಯಪ್ ನಿಲ್ಲಿಸಿತು. ಬಹ್ರೇನಿನಲ್ಲಿ ರಂಜಾನ್ ತಿಂಗಳಲ್ಲಿ ಆ್ಯಪ್ ಬಳಸುವವರಿಗೆ ಟಿವಿಯಿಂದ ಫೋನ್ ಮಾಡಿ, ಮನೆಯಲ್ಲೇ ಇದ್ದರೆ ಬಹುಮಾನ ಕೊಡುವ ಕಾರ್ಯಕ್ರಮವೂ ಇತ್ತು!

ಅಕ್ಕನ ಊರಿನ ಆ್ಯಪ್ ಬೇರೆ ಜಾತಿಯದು. ಸೆಪ್ಟೆಂಬರ್ 30ರಂದು ನ್ಯೂಜೆರ್ಸಿ, ಮರುದಿನ ನ್ಯೂಯಾರ್ಕ್ ಹೊರತಂದ ಇವು ಗೂಗಲ್, ಆಪಲ್ ಸೇರಿ ರೂಪಿಸಿದ ವ್ಯವಸ್ಥೆಯ ಮೇಲೆ ನಿಂತಿದ್ದವು. ಹೆಸರಿಲ್ಲ, ಜಾಗದ ಗುರುತಿಲ್ಲ. ಆರು ಅಡಿಯೊಳಗೆ ಹತ್ತು ನಿಮಿಷ ಇದ್ದ ಎರಡು ಫೋನುಗಳು ಬ್ಲೂಟೂತಿನಲ್ಲಿ ಬದಲಾಗುತ್ತಿರುವ ಸಂಖ್ಯೆಗಳನ್ನು ಹಂಚಿಕೊಳ್ಳುತ್ತಿದ್ದವು, ಅಷ್ಟೆ. ಹಾಕಿಕೊಳ್ಳುವುದು ಬಿಡುವುದು ಅವರವರ ಇಷ್ಟವಾಗಿತ್ತು. ಆದರೆ ಪಾಸಿಟಿವ್ ಬಂದವನು ಇತರರಿಗೆ ಎಚ್ಚರಿಕೆ ಕಳುಹಿಸಲು ಒಂದು ಕೋಡ್ ಬೇಕಿತ್ತು, ಅದನ್ನು ಕೊಡುತ್ತಿದ್ದುದು ಆರೋಗ್ಯ ಇಲಾಖೆಯ ಕರೆ. ಜನ ನಂಬದೇ ಇದ್ದದ್ದು ಆ ಕರೆಯನ್ನೇ! ಅರ್ಧಕ್ಕಿಂತ ಹೆಚ್ಚು ಮಂದಿ ಸಂಪರ್ಕದ ಹೆಸರು ಹೇಳುತ್ತಿಲ್ಲವೆಂದು ನ್ಯೂಜೆರ್ಸಿಯ ಗವರ್ನರ್ ಫಿಲ್ ಮರ್ಫಿ ಬೇಸತ್ತು ಹೇಳಿದ್ದರು. ಪಕ್ಕದ ನ್ಯೂಯಾರ್ಕಿನ ರಾಕ್‌ಲ್ಯಾಂಡ್ ಕೌಂಟಿಯಲ್ಲಿ ಜೂನ್‌ನಲ್ಲಿ ಒಂದು ಪಾರ್ಟಿಗೆ ಹೋದ ಎಂಟು ಜನ ಬಾಯಿ ಬಿಡದಿದ್ದಾಗ, ದಿನಕ್ಕೆ 2,000 ಡಾಲರ್ ದಂಡದ ಎಚ್ಚರಿಕೆಯೊಂದಿಗೆ ಸಮನ್ಸ್ ಕೊಟ್ಟರು. ಆಗ ಮಾತಾಡಿದರು. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯ, ಸಂಪರ್ಕ ಪತ್ತೆಯ ಮಾಹಿತಿ ಪೊಲೀಸರಿಗಾಗಲಿ ವಲಸೆ ಅಧಿಕಾರಿಗಳಿಗಾಗಲಿ ಸಿಗಕೂಡದೆಂದು ಕಾನೂನು ಮಾಡಿತು. ಭಾವನ ಮಟ್ಟಿಗೆ ದಂಡಕ್ಕಿಂತ ಇಂಥ ಕಾನೂನೇ ಮೊದಲು ಬರಬೇಕಿತ್ತು.

ಸಿಂಗಪುರದ ಕಥೆ ಕೇಳಿದರೆ ಭಾವನ ಅನುಮಾನ ಪೂರ್ತಿ ತಪ್ಪಲ್ಲ ಅನ್ನಿಸುತ್ತದೆ. ರೋಗ ಪತ್ತೆಗೆ ಮಾತ್ರ ಎಂದು ಮಾತು ಕೊಟ್ಟಿದ್ದ ಸರ್ಕಾರ, ಪೊಲೀಸರೂ ಆ ಮಾಹಿತಿ ಪಡೆಯಬಹುದೆಂದು 2021ರ ಜನವರಿಯಲ್ಲಿ ಒಪ್ಪಿಕೊಂಡಿತು.

ಅದೇ ತಿಂಗಳ 25ರಂದು ನಮ್ಮ ಕರ್ನಾಟಕ ಹೈಕೋರ್ಟ್ ಹೇಳಿದ್ದನ್ನು ನಾನು ಹೆಮ್ಮೆಯಿಂದ ನೆನೆಯುತ್ತೇನೆ. ಅನಿವರ್ ಅರವಿಂದ್ ಅವರ ಅರ್ಜಿಯಲ್ಲಿ, ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ, ಆರೋಗ್ಯ ಸೇತು ಬಳಸುವವರ ಆರೋಗ್ಯದ ಮಾಹಿತಿಯನ್ನು ಅವರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಹಂಚಬಾರದೆಂದು ಮಧ್ಯಂತರ ಆದೇಶ ಕೊಟ್ಟಿತು. ಆ್ಯಪ್ ಹಾಕಿಕೊಂಡಿಲ್ಲವೆಂದು ಸರ್ಕಾರದ ಸೌಲಭ್ಯ ನಿರಾಕರಿಸಬಾರದೆಂದು ಹಿಂದಿನ ಅಕ್ಟೋಬರಿನಲ್ಲೇ ಹೇಳಿತ್ತು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕರಣದ ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿ ಕೂಡ ಇದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು.

ಹೋದ ವರ್ಷ ರಜೆಯಲ್ಲಿ ಕೆಂಡಲ್ ಪಾರ್ಕಿಗೆ ಹೋಗಿದ್ದಾಗ ಭಾವನ ಹತ್ತಿರ ಈ ಮಾತು ತೆಗೆದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಿಮ್ಮ ಹೆಸರು ಅವರಿಗೆ ಹೇಳುವುದಿಲ್ಲ ಅಂದಳು ಆ ಹುಡುಗಿ. ಇನ್ಯಾರಾದರೂ ಇದ್ದಾರಾ ಅಂತ ಎರಡು ಸಲ ಕೇಳಿದಳು. ಆದರೆ ಆ ಪಟ್ಟಿ ಕೊನೆಗೆ ಎಲ್ಲಿಗೆ ಹೋಗುತ್ತದೆ ಅಂತ ನಾನು ಕೇಳಿದಾಗ, ಅದು ಅವಳಿಗೂ ಗೊತ್ತಿರಲಿಲ್ಲ."